ಟಿಕೆಟ್ ಸಿಗುವ ಮೊದಲು ಏನು ಮಾಡುತ್ತಿದ್ದರು? ಚರ್ಚಿಗೆ ಹೋಗುವವರು ಅಭ್ಯರ್ಥಿಯನ್ನು ಅಳೆಯುವ ಬಗೆ

ಚುನಾವಣೆ ಹತ್ತಿರ ಬಂತೆಂದರೆ, ಭಾನುವಾರದ ಆರಾಧನೆ ಮುಗಿದ ಮೇಲೆ ಚರ್ಚಿನ ಗೇಟಿನ ಹತ್ತಿರ ಒಂದೇ ಮಾತು. ಈ ಸಲ ನಮ್ಮ ಜನ ಯಾರಿಗೆ ಹಾಕುತ್ತಾರೆ? ನನ್ನ ಪ್ರಕಾರ ಇದು ಕೇಳಬೇಕಾದ ಪ್ರಶ್ನೆಯೇ ಅಲ್ಲ. ಟಿಕೆಟ್ ಸಿಗುವ ಮೊದಲು ಈ ವ್ಯಕ್ತಿ ಊರಿಗೆ ಏನು ಮಾಡುತ್ತಿದ್ದರು ಅಂತ ಕೇಳಬೇಕು. ಅದಕ್ಕೆ ಉತ್ತರ ಹುಡುಕುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ನಾನು ಬೆಳಗಾವಿಯವನು, ಕನ್ನಡ ಆರಾಧನೆಗೆ ಹೋಗುವವನು, ಯಾವ ಪಕ್ಷದ ಸದಸ್ಯನೂ ಅಲ್ಲ. ರಾಜಕಾರಣ ಕೊಳಕು, ನಮಗೆ ಯಾಕೆ ಅದೆಲ್ಲ, ಪ್ರಾರ್ಥನೆ ಮಾಡಿದರೆ ಸಾಕು ಅನ್ನುವ ಒಳ್ಳೆಯ ಜನ ನಮ್ಮ ಸಭೆಯಲ್ಲಿ ಜಾಸ್ತಿ ಇದ್ದಾರೆ. ಅವರು ಓದಲಿ ಅನ್ನುವುದು ನನ್ನ ಆಸೆ.

ಬೆಳಗಾವಿ ಜಿಲ್ಲೆಯಲ್ಲಿ ಕ್ರೈಸ್ತರು ಶೇಕಡಾ 1ಕ್ಕಿಂತ ಕಡಿಮೆ. ನಮ್ಮ ಓಟಿನಿಂದಲೇ ಯಾರೂ ಗೆಲ್ಲುವುದಿಲ್ಲ, ಯಾರೂ ಸೋಲುವುದಿಲ್ಲ. ಇದನ್ನು ಕೊರತೆ ಅಂತ ನೋಡಬೇಡಿ. ಯಾರ ಲೆಕ್ಕದ ಪುಸ್ತಕದಲ್ಲೂ ನಮ್ಮ ಓಟು ಮೊದಲೇ ಬರೆದಿಟ್ಟಿಲ್ಲ. ಅಂದ ಮೇಲೆ ಭಯ ಇಲ್ಲದೆ, ಹಂಗು ಇಲ್ಲದೆ ಅಳೆದು ನೋಡಬಹುದು. ಯೆರೆಮೀಯನು ಬಾಬಿಲೋನಿನಲ್ಲಿ ಸೆರೆಯಲ್ಲಿದ್ದವರಿಗೆ ಬರೆದ ಪತ್ರ ನೆನಪಿದೆಯಲ್ವಾ? ನೀವಿರುವ ಊರಿನ ಒಳಿತಿಗಾಗಿ ದುಡಿಯಿರಿ, ಅದಕ್ಕಾಗಿ ಬೇಡಿಕೊಳ್ಳಿ ಅಂತ. ಪರದೇಶದ ಊರಿಗೇ ಅಷ್ಟು ಮಾಡಬೇಕಾದರೆ, ಹುಟ್ಟಿ ಬೆಳೆದ ಊರಿಗೆ ಇನ್ನೆಷ್ಟು ಮಾಡಬೇಕು.

ಮೊದಲು ಸಣ್ಣ ಕೆಲಸ

ನಿಮ್ಮ ಹೆಸರು ಮತದಾರರ ಪಟ್ಟಿಯಲ್ಲಿ ಇದೆಯಾ ನೋಡಿ. ಚುನಾವಣಾ ಆಯೋಗದ ಆ್ಯಪ್‌ನಲ್ಲಿ ಸಿಗುತ್ತದೆ, ಇಲ್ಲದಿದ್ದರೆ 1950ಕ್ಕೆ ಫೋನ್ ಮಾಡಿ. ಹೊಸದಾಗಿ ಸೇರಲು ಫಾರ್ಮ್ 6, ಮನೆ ಬದಲಾಗಿದ್ದರೆ ಅಥವಾ ತಪ್ಪು ತಿದ್ದಲು ಫಾರ್ಮ್ 8. ಹದಿನೆಂಟು ತುಂಬಿದ ಮಕ್ಕಳು ಈಗ ಜನವರಿವರೆಗೆ ಕಾಯಬೇಕಿಲ್ಲ. ಏಪ್ರಿಲ್, ಜುಲೈ, ಅಕ್ಟೋಬರ್ 1ನೇ ತಾರೀಕು ಕೂಡ ಲೆಕ್ಕಕ್ಕೆ ಬರುತ್ತದೆ. ಯುವಜನ ಸಂಘದವರು ಒಂದು ಭಾನುವಾರ ಕೂತು ಎಲ್ಲರದ್ದೂ ನೋಡಿಕೊಟ್ಟರೆ ಮುಗಿಯಿತು.

ನಿಮ್ಮ ಕ್ಷೇತ್ರ ಯಾವುದು ಅಂತಲೂ ಗೊತ್ತಿರಲಿ. ನಮ್ಮ ಜಿಲ್ಲೆಯಲ್ಲಿ 18 ವಿಧಾನಸಭಾ ಕ್ಷೇತ್ರ. ಬೆಳಗಾವಿ ಹೆಸರಿನಲ್ಲೇ ಮೂರಿವೆ: ಉತ್ತರ, ದಕ್ಷಿಣ, ಗ್ರಾಮೀಣ. ಖಾನಾಪುರ, ಕಿತ್ತೂರಿನವರು ಲೋಕಸಭೆಗೆ ಓಟು ಹಾಕುವುದು ಉತ್ತರ ಕನ್ನಡ ಕ್ಷೇತ್ರಕ್ಕೆ, ಚಿಕ್ಕೋಡಿ ಕಡೆಯವರದ್ದೇ ಬೇರೆ ಕ್ಷೇತ್ರ. ಪಕ್ಕದ ಕ್ಷೇತ್ರದ ಅಭ್ಯರ್ಥಿ ಬಗ್ಗೆ ಇಡೀ ತಿಂಗಳು ವಾದ ಮಾಡಿ, ತಮ್ಮ ಕ್ಷೇತ್ರದಲ್ಲಿ ಯಾರು ನಿಂತಿದ್ದಾರೆ ಅಂತ ಬೂತಿನಲ್ಲಿ ನೋಡುವವರು ತುಂಬಾ ಜನ ಇದ್ದಾರೆ.

ಇತ್ರೋ ಹೇಳಿದ ನಾಲ್ಕು ಗುಣ

ಅಳತೆಗೋಲು ಬೇಕು ಅಂದರೆ ಹೊರಗೆ ಹುಡುಕಬೇಕಿಲ್ಲ. ವಿಮೋಚನಕಾಂಡ 18ನೇ ಅಧ್ಯಾಯ ತೆಗೆಯಿರಿ. ಮೋಶೆ ಬೆಳಗಿನಿಂದ ಸಂಜೆವರೆಗೆ ಒಬ್ಬನೇ ಕೂತು ಜನರ ತಕರಾರು ಬಗೆಹರಿಸುತ್ತಾನೆ. ಮಾವ ಇತ್ರೋ ಅದನ್ನು ನೋಡಿ, ಇದು ನಡೆಯುವ ಮಾತಲ್ಲ, ಜನರನ್ನು ಆರಿಸು ಅನ್ನುತ್ತಾನೆ. ಎಂಥವರನ್ನು? ಕೆಲಸ ಬಲ್ಲವರು, ದೇವರಿಗೆ ಹೆದರುವವರು, ನಂಬಿಕೆಗೆ ತಕ್ಕವರು, ಲಂಚ ಅಂದರೆ ಹೇಸುವವರು. ಸಾವಿರ ಜನಕ್ಕೆ, ನೂರು ಜನಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬರು. ಈ ಹತ್ತರ ಮಾತು ಮರೆಯಬೇಡಿ, ಅದಕ್ಕೆ ಆಮೇಲೆ ಬರುತ್ತೇನೆ.

ಕೆಲಸ ಬಲ್ಲವರು ಅಂದರೆ ಏನು ಅಂತ ತಿಳಿಯಲು ನಮ್ಮ ಕಡೆಯ ಉದಾಹರಣೆಯೇ ಸಾಕು. ಜಮಖಂಡಿ ಭಾಗದಲ್ಲಿ ಕೃಷ್ಣೆ ಪಕ್ಕದಲ್ಲೇ ಹರಿಯುತ್ತಿದ್ದರೂ ಬೇಸಿಗೆಯಲ್ಲಿ ಹೊಲಕ್ಕೆ ನೀರಿರಲಿಲ್ಲ. ಸರ್ಕಾರ ಮಾಡಲಿ ಅಂತ ಕಾಯದೆ ರೈತರೇ ಸೇರಿ, ತಮ್ಮ ದುಡ್ಡು ಹಾಕಿ, ತಾವೇ ಮೈಮುರಿದು ದುಡಿದು 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜ್ ಕಟ್ಟಿದರು. ಹೆಸರೇ ಶ್ರಮಬಿಂದು ಸಾಗರ. ಅದರ ಮುಂದಾಳು ಸಿದ್ದು ನ್ಯಾಮಗೌಡರು. 1991ರಲ್ಲಿ ಅವರು ಬಾಗಲಕೋಟೆ ಲೋಕಸಭೆಗೆ ನಿಂತಾಗ ಎದುರಿಗಿದ್ದವರು ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆ, ರಾಜ್ಯಕ್ಕೇ ಗೊತ್ತಿದ್ದ ದೊಡ್ಡ ಹೆಸರು. ಜನ ಆರಿಸಿದ್ದು ಬ್ಯಾರೇಜ್ ಸಿದ್ದು ಅವರನ್ನು. ಅವರು ಕೇಂದ್ರದಲ್ಲಿ ಮಂತ್ರಿಯೂ ಆದರು. ಅವರ ಪಕ್ಷ ನಿಮಗೆ ಇಷ್ಟ ಇರಬಹುದು, ಇಲ್ಲದೆ ಇರಬಹುದು, ಅದು ಬೇರೆ. ಓಟು ಕೇಳುವ ಮೊದಲೇ ಹೊಳೆಯಲ್ಲಿ ಕಲ್ಲು ಬಿದ್ದಿತ್ತು, ನಾನು ಹೇಳುವುದು ಅದನ್ನು. ನನಗೆ ಸ್ಫೂರ್ತಿ ಕೊಡುವ ಅಭ್ಯರ್ಥಿ ಅಂದರೆ ಇಂಥವರು. ಭಾಷಣ ಕೇಳಿ ಮೈ ಜುಮ್ಮೆನ್ನುವುದು ಬೇರೆ, ಕೆಲಸ ನೋಡಿ ನಾನೂ ಕೈ ಹಚ್ಚಬೇಕು ಅನ್ನಿಸುವುದು ಬೇರೆ.

ಕಿತ್ತೂರಿನ ಬಾಬಾಗೌಡ ಪಾಟೀಲರದ್ದೂ ಅದೇ ದಾರಿ. ರೈತರ ಹೋರಾಟದಿಂದ ಬಂದವರು. 1989ರಲ್ಲಿ ರೈತ ಸಂಘದಿಂದ ನಿಂತು ಕಿತ್ತೂರು, ಧಾರವಾಡ ಗ್ರಾಮೀಣ ಎರಡೂ ಕಡೆ ಗೆದ್ದರು. ಆಮೇಲೆ 1998ರಲ್ಲಿ ಬಿಜೆಪಿಯಿಂದ ಬೆಳಗಾವಿ ಸಂಸದರಾದರು, ವಾಜಪೇಯಿ ಸರ್ಕಾರದಲ್ಲಿ ಮಂತ್ರಿಯಾದರು. ಒಬ್ಬರು ಕಾಂಗ್ರೆಸ್, ಇನ್ನೊಬ್ಬರು ರೈತ ಸಂಘದಿಂದ ಬಿಜೆಪಿಗೆ ಹೋದವರು. ಪಕ್ಷ ಬೇರೆ ಆದರೂ ಇಬ್ಬರನ್ನೂ ಜನ ಮೊದಲು ಗುರುತು ಹಿಡಿದದ್ದು ಕೆಲಸದಿಂದ.

ಎರಡನೆಯದು, ದೇವರಿಗೆ ಹೆದರುವವರು. ಇಲ್ಲಿ ನಮ್ಮವರು ದಾರಿ ತಪ್ಪುತ್ತಾರೆ. ನಮ್ಮ ಚರ್ಚಿಗೆ ಬಂದು ಮೇಣದಬತ್ತಿ ಹಚ್ಚಿದರು, ಕ್ರಿಸ್‌ಮಸ್‌ಗೆ ಕೇಕ್ ಕಳಿಸಿದರು ಅಂದ ಮಾತ್ರಕ್ಕೆ ಒಬ್ಬರು ದೇವರಿಗೆ ಹೆದರುವವರು ಆಗುವುದಿಲ್ಲ. ಕ್ರೈಸ್ತರಾಗಿದ್ದರೂ ಆಗುವುದಿಲ್ಲ. ತನ್ನ ಮೇಲೆ ಒಬ್ಬ ಲೆಕ್ಕ ಕೇಳುವವನಿದ್ದಾನೆ ಅಂತ ಒಪ್ಪಿಕೊಂಡು ಬದುಕುವವರು ಅಂತ ನಾನು ಇದನ್ನು ಓದುತ್ತೇನೆ, ಅವರು ಲಿಂಗಾಯತರಿರಲಿ, ಮರಾಠರಿರಲಿ, ಮುಸ್ಲಿಮರಿರಲಿ, ಯಾರೇ ಇರಲಿ. ಇದನ್ನು ಕಂಡುಹಿಡಿಯುವುದು ಕಷ್ಟವೇನಲ್ಲ. ತನಗೆ ಯಾವ ಉಪಯೋಗಕ್ಕೂ ಬಾರದವರ ಜೊತೆ ಅವರು ಹೇಗೆ ನಡೆದುಕೊಳ್ಳುತ್ತಾರೆ ನೋಡಿ. ಅವರ ಡ್ರೈವರನ್ನು ಕೇಳಿ, ಅವರ ಓಣಿಯ ಪೌರಕಾರ್ಮಿಕರನ್ನು ಕೇಳಿ, ಅವರ ಅಂಗಡಿಯಲ್ಲಿ ಕೆಲಸ ಬಿಟ್ಟವರನ್ನು ಕೇಳಿ.

ನಂಬಿಕೆಗೆ ತಕ್ಕವರಾ ಅನ್ನುವುದಕ್ಕೆ ಬೆಳಗಾವಿಯಲ್ಲಿ ಒಂದು ಒಳ್ಳೆಯ ಪರೀಕ್ಷೆ ಇದೆ. ಕನ್ನಡದ ಸಭೆಯಲ್ಲಿ ಹೇಳಿದ್ದನ್ನೇ ಮರಾಠಿಯ ಓಣಿಯಲ್ಲೂ ಹೇಳುತ್ತಾರಾ? ಗಡಿ ವಿಷಯ, ಭಾಷೆಯ ವಿಷಯ, ಮಹಾದಾಯಿ ನೀರು, ಇವು ಮೂರನ್ನು ತೆಗೆದುಕೊಳ್ಳಿ ಸಾಕು. ಒಂದೊಂದು ಭಾಷೆಯಲ್ಲಿ ಒಂದೊಂದು ಮಾತಾಡುವವರು ಬಹಳ ಜನ ಸಿಗುತ್ತಾರೆ. ಇದನ್ನು ಪತ್ತೆ ಮಾಡಲು ಚರ್ಚಿನವರಷ್ಟು ಅನುಕೂಲ ಬೇರೆ ಯಾರಿಗೂ ಇಲ್ಲ. ಕನ್ನಡ, ಮರಾಠಿ, ಕೊಂಕಣಿ, ತಮಿಳು, ಇಂಗ್ಲಿಷ್ ಮಾತಾಡುವವರು ನಮ್ಮಲ್ಲಿ ಒಂದೇ ಅಂಗಳದಲ್ಲಿ ನಿಲ್ಲುತ್ತೇವೆ. ಆರಾಧನೆ ಮುಗಿದ ಮೇಲೆ ಹತ್ತು ನಿಮಿಷ ಮಾತಾಡಿದರೆ ಯಾರು ಎಲ್ಲಿ ಏನು ಹೇಳಿದರು ಅಂತ ಪೂರ್ತಿ ಚಿತ್ರ ಸಿಗುತ್ತದೆ.

ಅಫಿಡವಿಟ್ ಓದುವುದು

ನಾಲ್ಕನೆಯ ಗುಣಕ್ಕೆ, ಅಂದರೆ ಲಂಚದ ವಿಷಯಕ್ಕೆ, ಬಾಯಿಮಾತು ಬೇಡ, ಕಾಗದ ಇದೆ. ನಾಮಪತ್ರದ ಜೊತೆ ಪ್ರತಿ ಅಭ್ಯರ್ಥಿಯೂ ಫಾರ್ಮ್ 26 ಅನ್ನುವ ಅಫಿಡವಿಟ್ ಕೊಡಬೇಕು, ಅಂದರೆ ತನ್ನ ಆದಾಯ, ಆಸ್ತಿ, ಸಾಲ, ಕೇಸುಗಳನ್ನು ಪ್ರಮಾಣ ಮಾಡಿ ಬರೆದ ಪತ್ರ. 2002 ಮತ್ತು 2003ರ ಸುಪ್ರೀಂ ಕೋರ್ಟ್ ತೀರ್ಪುಗಳಿಂದ ಮತದಾರರಿಗೆ ಸಿಕ್ಕ ಹಕ್ಕು ಇದು. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ, ಅದರ ಆ್ಯಪ್‌ನಲ್ಲಿ ಯಾರು ಬೇಕಾದರೂ ತೆಗೆದು ಓದಬಹುದು. ಹಳೆಯವು ಮೈನೇತಾ ತಾಣದಲ್ಲೂ ಸಿಗುತ್ತವೆ.

ನಾನು ಓದುವ ಕ್ರಮ ಹೇಳುತ್ತೇನೆ. ಮೊದಲು ಐದು ವರ್ಷದ ಆದಾಯ ತೆರಿಗೆ ವಿವರ ನೋಡಿ. ಆಮೇಲೆ ಆಸ್ತಿ ನೋಡಿ, ಅಭ್ಯರ್ಥಿಯದ್ದು ಮಾತ್ರ ಅಲ್ಲ, ಗಂಡ ಅಥವಾ ಹೆಂಡತಿಯದ್ದು, ಅವಲಂಬಿತರದ್ದು ಕೂಡ. ಹಿಂದೆ ನಿಂತಿದ್ದವರಾದರೆ ಹಳೆಯ ಅಫಿಡವಿಟ್ ತೆಗೆದು ಪಕ್ಕದಲ್ಲಿ ಇಟ್ಟುಕೊಳ್ಳಿ. ಆಸ್ತಿ ಎಷ್ಟು ಏರಿದೆ, ತೋರಿಸಿದ ಆದಾಯ ಎಷ್ಟು, ಎರಡಕ್ಕೂ ತಾಳೆ ಆಗುತ್ತದಾ? ಜಮೀನಿನ ಬೆಲೆ ತಾನಾಗಿಯೇ ಏರುತ್ತದೆ, ಅದನ್ನು ಬಿಡಿ. ಹೊಸದಾಗಿ ಕೊಂಡದ್ದು ಎಷ್ಟು ಅನ್ನುವುದನ್ನು ನೋಡಿ. ಸಾಲದ ಕಾಲಂ ಬಿಡಬೇಡಿ, ಸರ್ಕಾರಕ್ಕೆ ಕೊಡಬೇಕಾದ ಬಾಕಿ ಅಲ್ಲೇ ಇರುತ್ತದೆ. ಸಕ್ಕರೆ ಕಾರ್ಖಾನೆ ನಡೆಸುವವರು ನಿಂತಿದ್ದರೆ ಇನ್ನೊಂದು ಪ್ರಶ್ನೆ ಕೇಳಲೇಬೇಕು: ರೈತರ ಕಬ್ಬಿನ ಬಾಕಿ ಎಷ್ಟು ಉಳಿದಿದೆ? ಇದು ಅಫಿಡವಿಟ್‌ನಲ್ಲಿ ಸಿಗುವುದಿಲ್ಲ, ಹಳ್ಳಿಯಲ್ಲಿ ಸಿಗುತ್ತದೆ.

ಕೇಸುಗಳ ಕಾಲಂ ಓದುವಾಗ ತಾಳ್ಮೆ ಬೇಕು. ಕೇಸ್ ಇದೆ ಅಂದ ಕೂಡಲೇ ಬೇಡ ಅನ್ನಬೇಡಿ. ಕಬ್ಬಿನ ಬೆಲೆಗಾಗಿ ರಸ್ತೆ ತಡೆದವರ ಮೇಲೂ ಕೇಸ್ ಇರುತ್ತದೆ, ನೀರಿಗಾಗಿ ಧರಣಿ ಕೂತವರ ಮೇಲೂ ಇರುತ್ತದೆ. ಅದೇ ಕಾಲಂನಲ್ಲಿ ವಂಚನೆ, ಹಲ್ಲೆ, ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯ ಇದ್ದರೆ ಅದು ಪೂರ್ತಿ ಬೇರೆ ಮಾತು. ಸೆಕ್ಷನ್ ನಂಬರ್ ಅರ್ಥ ಆಗದಿದ್ದರೆ ಸಭೆಯಲ್ಲಿ ಯಾರಾದರೂ ವಕೀಲರು ಇದ್ದೇ ಇರುತ್ತಾರೆ, ಕೇಳಿ. ಕೋರ್ಟು ಆರೋಪ ಹೊರಿಸಿದೆಯಾ, ಅಥವಾ ಬರೀ ಎಫ್‌ಐಆರ್ ಹಂತವಾ, ಅದನ್ನೂ ನೋಡಿ. ಕ್ರಿಮಿನಲ್ ಕೇಸ್ ಇರುವ ಅಭ್ಯರ್ಥಿ ಅದನ್ನು ಪತ್ರಿಕೆ, ಟಿವಿಯಲ್ಲಿ ಮೂರು ಸಲ ಪ್ರಕಟಿಸಬೇಕು ಅಂತ ನಿಯಮ ಇದೆ. ಇಂಥವರಿಗೇ ಟಿಕೆಟ್ ಯಾಕೆ ಅಂತ ಪಕ್ಷವೂ ಕಾರಣ ಕೊಡಬೇಕು. ಆ ಕಾರಣ ಓದಿ ನೋಡಿ. ಗೆಲ್ಲುತ್ತಾರೆ ಅನ್ನುವುದಷ್ಟೇ ಕಾರಣವಾಗಿದ್ದರೆ ನನಗೆ ಅದು ಸಾಲದು.

ಸಮುವೇಲನು ವಯಸ್ಸಾಗಿ ಅಧಿಕಾರ ಬಿಡುವಾಗ ಜನರ ಮುಂದೆ ನಿಂತು ಕೇಳಿದ ಮಾತಿದೆ. ನಾನು ಯಾರ ಎತ್ತು ತೆಗೆದುಕೊಂಡೆ, ಯಾರ ಕತ್ತೆ ತೆಗೆದುಕೊಂಡೆ, ಯಾರಿಗೆ ಮೋಸ ಮಾಡಿದೆ, ಯಾರ ಕೈಯಿಂದ ಲಂಚ ತಿಂದೆ, ಹೇಳಿ, ಹಿಂದಕ್ಕೆ ಕೊಡುತ್ತೇನೆ ಅಂತ. ಎರಡನೇ ಸಲ ಓಟು ಕೇಳಲು ಬರುವ ಶಾಸಕರು ಈ ಮಾತು ಕೇಳುವ ಧೈರ್ಯ ಮಾಡಲಿ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಅಧಿಕಾರ ಬಿಡುವುದು ಹೇಗೆ ಅಂತ ತೋರಿಸಿದವರು ನಮ್ಮ ಕಡೆಯೇ ಇದ್ದಾರೆ. 1962ರಲ್ಲಿ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತಾಗ ಹುನಗುಂದದ ಎಸ್.ಆರ್. ಕಂಠಿಯವರು ಮುಖ್ಯಮಂತ್ರಿಯಾದರು. ಸುಮಾರು ಮೂರು ತಿಂಗಳ ನಂತರ ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿ ಬಂದರು. ಕಂಠಿಯವರು ತಕರಾರಿಲ್ಲದೆ ಕುರ್ಚಿ ಬಿಟ್ಟುಕೊಟ್ಟರು. ಕುರ್ಚಿಗಾಗಿ ರೆಸಾರ್ಟಿಗೆ ಹೋಗುವುದನ್ನು ನೋಡಿದ ನಮಗೆ, ನಮ್ಮ ಮಕ್ಕಳಿಗೆ ಈ ಕಥೆ ಹೇಳಬೇಕು.

ಚರ್ಚಿನ ಒಳಗೆ ಏನು, ಹೊರಗೆ ಏನು

ಪಾಸ್ಟರು ಅಥವಾ ಫಾದರು ಪ್ರಸಂಗಪೀಠದಿಂದ ಇಂಥವರಿಗೆ ಓಟು ಹಾಕಿ ಅನ್ನಬಾರದು. ಇದು ನನ್ನ ಇಷ್ಟದ ಮಾತಷ್ಟೇ ಅಲ್ಲ. ಧಾರ್ಮಿಕ ಸ್ಥಳವನ್ನು ರಾಜಕೀಯಕ್ಕೆ ಬಳಸಬಾರದು ಅಂತ 1988ರ ಕಾಯ್ದೆಯೇ ಇದೆ, ನೀತಿಸಂಹಿತೆಯಲ್ಲೂ ಚರ್ಚು, ಮಸೀದಿ, ದೇವಸ್ಥಾನ ಪ್ರಚಾರದ ವೇದಿಕೆ ಆಗಬಾರದು ಅಂತ ಬರೆದಿದೆ. ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ಓಟು ಕೇಳುವುದು ಚುನಾವಣಾ ಅಕ್ರಮ. ಅಭ್ಯರ್ಥಿಯ ಧರ್ಮ ಮಾತ್ರ ಅಲ್ಲ, ಮತದಾರರ ಧರ್ಮ ಹೇಳಿ ಕೇಳಿದರೂ ತಪ್ಪು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಅಭ್ಯರ್ಥಿ ಭಾನುವಾರ ಬಂದರೆ ಎಲ್ಲರಂತೆ ಬೆಂಚಿನಲ್ಲಿ ಕೂರಲಿ. ಮೈಕ್ ಕೊಡಬೇಡಿ, ಹಾರ ಹಾಕಬೇಡಿ. ಎಲ್ಲರಿಗೂ ಇದೇ ನಿಯಮ ಅಂತ ಕಮಿಟಿ ಮೊದಲೇ ತೀರ್ಮಾನ ಮಾಡಿಟ್ಟರೆ ಯಾರಿಗೂ ಬೇಸರ ಇಲ್ಲ. ಕಾಂಪೌಂಡ್ ಗೋಡೆಗೆ, ಚಾವಣಿಗೆ, ಸ್ಮಶಾನದ ದಾರಿಗೆ ದುಡ್ಡು ಕೊಡುತ್ತೇನೆ ಅಂದರೆ ಚುನಾವಣೆ ಮುಗಿದ ಮೇಲೆ ಬನ್ನಿ ಅನ್ನಿ. ಮನೆಗೆ ಬರುವ ಸೀರೆ, ಕುಕ್ಕರ್, ನೋಟಿಗೂ ಅದೇ ಉತ್ತರ. ಕೊಡುವುದಷ್ಟೇ ಅಲ್ಲ, ತೆಗೆದುಕೊಳ್ಳುವುದೂ ಅಪರಾಧ. ಹಂಚುವುದು ಕಂಡರೆ ಸಿ-ವಿಜಿಲ್ ಆ್ಯಪ್‌ನಲ್ಲಿ ಫೋಟೋ ಹಾಕಿ. ಚುನಾವಣೆ ಘೋಷಣೆ ಆದ ಮೇಲೆ ಅದು ಕೆಲಸ ಮಾಡುತ್ತದೆ, 100 ನಿಮಿಷದೊಳಗೆ ಕ್ರಮ ಆಗಬೇಕು ಅನ್ನುವುದು ಅದರ ನಿಯಮ. ನಿಮ್ಮ ಹೆಸರು ಹೇಳದೆಯೂ ದೂರು ಕೊಡಬಹುದು.

ಹಾಗಂತ ಪೀಠದಿಂದ ರಾಜಕಾರಣದ ಮಾತೇ ಬರಬಾರದು ಅಂತಲ್ಲ. 1924ರ ಕಾಂಗ್ರೆಸ್ ಅಧಿವೇಶನ ನಮ್ಮ ಬೆಳಗಾವಿಯಲ್ಲೇ ನಡೆಯಿತು, ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದು ಅದೊಂದಕ್ಕೇ. ಮರುವರ್ಷ ಅಕ್ಟೋಬರಿನಲ್ಲಿ ಅವರು ತಮ್ಮ ಪತ್ರಿಕೆಯಲ್ಲಿ ಏಳು ಸಾಮಾಜಿಕ ಪಾಪಗಳ ಪಟ್ಟಿ ಪ್ರಕಟಿಸಿದರು. ತತ್ವವಿಲ್ಲದ ರಾಜಕಾರಣ ಅದರಲ್ಲಿ ಮೊದಲನೆಯದು, ತ್ಯಾಗವಿಲ್ಲದ ಪೂಜೆ ಕೊನೆಯದು. ಅದೇ ಏಳು ಪಾಪಗಳ ಬಗ್ಗೆ ಅದೇ ವರ್ಷ ಮಾರ್ಚಿನಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಫ್ರೆಡರಿಕ್ ಲೂಯಿಸ್ ಡೊನಾಲ್ಡ್‌ಸನ್ ಅನ್ನುವ ಪಾದ್ರಿ ಪ್ರಸಂಗ ಮಾಡಿದ್ದರು. ಪಕ್ಷದ ಹೆಸರು ಎತ್ತದೆ, ಅಭ್ಯರ್ಥಿಯ ಹೆಸರು ಎತ್ತದೆ ಇಂಥ ಪ್ರಸಂಗ ಇಲ್ಲಿಯೂ ಮಾಡಬಹುದು. ಲಂಚ ಪಾಪ ಅಂತ ಹೇಳಲು ಯಾವ ಕಾನೂನೂ ತಡೆಯುವುದಿಲ್ಲ.

ನಮ್ಮದೇ ವಿಷಯ ಒಂದಿದೆ, ಅದನ್ನೂ ಹೇಳಿಬಿಡುತ್ತೇನೆ. 2021ರ ಡಿಸೆಂಬರಿನಲ್ಲಿ ಮತಾಂತರ ತಡೆಯುವ ಮಸೂದೆ ವಿಧಾನಸಭೆಯಲ್ಲಿ ಪಾಸಾದದ್ದು ಇದೇ ನಮ್ಮ ಸುವರ್ಣ ವಿಧಾನಸೌಧದಲ್ಲಿ. ಆ ದಿನಗಳಲ್ಲಿ ಮನೆಯಲ್ಲಿ ಪ್ರಾರ್ಥನಾ ಕೂಟ ನಡೆಸಲೂ ಜನ ಹಿಂದೆಮುಂದೆ ನೋಡಿದರು. ಈ ಬಗ್ಗೆ ನಿಮ್ಮ ನಿಲುವೇನು ಅಂತ ಅಭ್ಯರ್ಥಿಯನ್ನು ನೇರವಾಗಿ, ಮರ್ಯಾದೆಯಿಂದ ಕೇಳಿ, ಅದು ನಿಮ್ಮ ಹಕ್ಕು. ಆದರೆ ಅದೊಂದನ್ನೇ ಕೇಳಿ ಸುಮ್ಮನಾಗಬೇಡಿ. ವಡಗಾವಿ, ಖಾಸಬಾಗದ ನೇಕಾರರ ಮಗ್ಗ ನಿಂತರೆ ಅದೂ ನಮ್ಮ ವಿಷಯ. 2019ರಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿದಾಗ ಮನೆ ಕಳೆದುಕೊಂಡವರು ಯಾವ ಧರ್ಮದವರು ಅಂತ ನೀರು ಕೇಳಲಿಲ್ಲ. ನಾವು ನಮಗಾಗಿ ಮಾತ್ರ ಮಾತಾಡಿದರೆ, ನಮಗೆ ಕಷ್ಟ ಬಂದಾಗ ನಮ್ಮ ಪರವಾಗಿ ಮಾತಾಡಿ ಅಂತ ಬೇರೆಯವರನ್ನು ಯಾವ ಬಾಯಿಂದ ಕೇಳುವುದು?

ಯಾರೂ ಇಷ್ಟವಾಗದಿದ್ದರೆ

2013ರಿಂದ ನೋಟಾ, ಅಂದರೆ ಇವರಲ್ಲಿ ಯಾರೂ ಬೇಡ ಅನ್ನುವ ಬಟನ್, ಇದೆ. ಒತ್ತುವುದು ತಪ್ಪಲ್ಲ, ಆದರೆ ನೋಟಾಗೆ ಜಾಸ್ತಿ ಓಟು ಬಂದರೂ ಉಳಿದವರಲ್ಲಿ ಮುಂದಿರುವವರೇ ಗೆಲ್ಲುತ್ತಾರೆ. ನಾನು ಅದನ್ನು ಕೊನೆಯ ದಾರಿ ಅಂತ ಇಟ್ಟುಕೊಂಡಿದ್ದೇನೆ. ನ್ಯಾಯಸ್ಥಾಪಕರು 9ನೇ ಅಧ್ಯಾಯದಲ್ಲಿ ಯೋತಾಮನು ಒಂದು ಕಥೆ ಹೇಳುತ್ತಾನೆ. ಮರಗಳು ತಮಗೊಬ್ಬ ಅರಸ ಬೇಕು ಅಂತ ಹೊರಟವು. ಎಣ್ಣೆಮರ ಒಲ್ಲೆ ಎಂದಿತು, ಅಂಜೂರ ಒಲ್ಲೆ ಎಂದಿತು, ದ್ರಾಕ್ಷಿ ಒಲ್ಲೆ ಎಂದಿತು. ಎಲ್ಲರಿಗೂ ತಮ್ಮ ತಮ್ಮ ಕೆಲಸ. ಕೊನೆಗೆ ಒಪ್ಪಿದ್ದು ಮುಳ್ಳಿನ ಗಿಡ. ನಮ್ಮ ಸಭೆಗಳಲ್ಲಿ ಎಣ್ಣೆಮರಗಳಿಗೆ ಏನೂ ಕೊರತೆ ಇಲ್ಲ. ನಿವೃತ್ತ ಟೀಚರ್‌ಗಳು, ನರ್ಸ್‌ಗಳು, ಸೈನ್ಯದಿಂದ ಬಂದವರು, ಲೆಕ್ಕ ಬಲ್ಲವರು ಇದ್ದಾರೆ. ಅವರನ್ನು ಒಪ್ಪಿಸುವುದೇ ಕಷ್ಟದ ಕೆಲಸ.

ಇಲ್ಲಿ ಇತ್ರೋ ಹೇಳಿದ ಹತ್ತು ಜನರ ಮಾತಿಗೆ ಬರುತ್ತೇನೆ. ವಿಧಾನಸಭೆಯ ಟಿಕೆಟ್ ಹಂಚುವ ಹೊತ್ತಿಗೆ ಒಳ್ಳೆಯವರನ್ನು ಹುಡುಕಿದರೆ ತಡವಾಗಿರುತ್ತದೆ. ಅವರು ತಯಾರಾಗುವುದು ಕೆಳಗೆ. ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಿ.ಡಿ. ಜತ್ತಿಯವರು 1940ರಲ್ಲಿ ಜಮಖಂಡಿ ಪುರಸಭೆಯ ಸದಸ್ಯರಾಗಿ ಶುರು ಮಾಡಿದರು. 1958ರಲ್ಲಿ ಮುಖ್ಯಮಂತ್ರಿಯಾದರು, 1974ರಲ್ಲಿ ಉಪರಾಷ್ಟ್ರಪತಿಯಾದರು, 1977ರಲ್ಲಿ ಕೆಲವು ತಿಂಗಳು ರಾಷ್ಟ್ರಪತಿಯ ಕೆಲಸವನ್ನೂ ನೋಡಿದರು. ಶುರುವಾದದ್ದು ಮಾತ್ರ ಊರಿನ ಚರಂಡಿ, ನಲ್ಲಿ, ದೀಪ ನೋಡಿಕೊಳ್ಳುವ ಪುರಸಭೆಯಿಂದ.

ಬೆಳಗಾವಿ ಪಾಲಿಕೆಯಲ್ಲಿ 58 ವಾರ್ಡ್ ಇವೆ. ಕ್ಯಾಂಪಿನವರಿಗೆ, ಅಂದರೆ ಸೈನ್ಯದ ದಂಡು ಪ್ರದೇಶದಲ್ಲಿ ಇರುವವರಿಗೆ, ಕಂಟೋನ್ಮೆಂಟ್ ಬೋರ್ಡ್ ಇದೆ. ಹಳ್ಳಿಯವರಿಗೆ ಗ್ರಾಮ ಪಂಚಾಯಿತಿ, ಅಲ್ಲಿ ಪಕ್ಷದ ಚಿಹ್ನೆಯೇ ಇಲ್ಲ. ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೆ. ಅಲ್ಲಿ ಒಂದು ವಿಷಯ ಗಟ್ಟಿಯಾಗಿ ಕೇಳಿ: ಗೆದ್ದ ಮೇಲೆ ಸಭೆಗೆ ಬರುವವರು ನೀವಾ, ನಿಮ್ಮ ಗಂಡನಾ? ಮಹಿಳಾ ಸಂಘದಲ್ಲಿ ವರ್ಷಗಟ್ಟಲೆ ಲೆಕ್ಕ ನೋಡಿಕೊಂಡ ಹೆಣ್ಣುಮಕ್ಕಳು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ಅವರ ಹತ್ತಿರ ಹೋಗಿ, ನೀವು ನಿಲ್ಲಿ, ನಾವು ಮನೆ ಮನೆಗೆ ಬರುತ್ತೇವೆ ಅಂತ ಹೇಳಬೇಕು. ಅವರು ಕ್ರೈಸ್ತರೇ ಆಗಬೇಕಿಲ್ಲ. ಪಕ್ಕದ ಓಣಿಯಲ್ಲಿ ನೀರಿಗಾಗಿ ದಿನಾ ಓಡಾಡುವವರು ಇದ್ದರೆ ಅವರ ಬೆನ್ನಿಗೆ ನಿಲ್ಲಿ.

ವಿಧಾನಸಭೆಗೇ ನಿಲ್ಲುತ್ತೇನೆ ಅನ್ನುವವರಿಗೆ ಠೇವಣಿ 10,000 ರೂಪಾಯಿ, ಲೋಕಸಭೆಗೆ 25,000, ಪರಿಶಿಷ್ಟ ಜಾತಿ, ಪಂಗಡದವರಿಗೆ ಅರ್ಧ. ಪಕ್ಷೇತರರಿಗೆ ಹತ್ತು ಜನ ಸೂಚಕರು ಬೇಕು. ಚಲಾವಣೆಯಾದ ಓಟಿನ ಆರನೇ ಒಂದು ಭಾಗಕ್ಕಿಂತ ಜಾಸ್ತಿ ಬಾರದಿದ್ದರೆ ಠೇವಣಿ ಹೋಗುತ್ತದೆ. 1996ರಲ್ಲಿ ಬೆಳಗಾವಿ ಲೋಕಸಭೆಗೆ 456 ಜನ ನಿಂತಿದ್ದರು. ಆಗ ಠೇವಣಿ 500 ರೂಪಾಯಿ ಇತ್ತು, ಅದೇ ವರ್ಷ ಅದನ್ನು 10,000ಕ್ಕೆ ಏರಿಸಿದರು. ಸುಮ್ನೆ ಹೆಸರಿಗಾಗಿ ನಿಲ್ಲುವುದರಿಂದ ಯಾರಿಗೂ ಉಪಯೋಗ ಇಲ್ಲ. ಮೊದಲು ಎರಡು ಮೂರು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿ, ಆಮೇಲೆ ನಿಲ್ಲಿ.

ಗೆದ್ದವರನ್ನು ಬಿಡಬೇಡಿ

ಪೌಲನು ತಿಮೊಥೆಯನಿಗೆ ಬರೆಯುವಾಗ ಅಧಿಕಾರದಲ್ಲಿ ಇರುವವರಿಗಾಗಿ ಪ್ರಾರ್ಥಿಸಿ ಅನ್ನುತ್ತಾನೆ. ನಾವು ಓಟು ಹಾಕಿದವರಿಗಾಗಿ ಮಾತ್ರ ಅನ್ನುವುದಿಲ್ಲ. ಆದ್ದರಿಂದ ಗೆದ್ದವರು ಯಾರೇ ಇರಲಿ, ಅವರ ಹೆಸರು ಹಿಡಿದು ಪ್ರಾರ್ಥಿಸಿ. ಜೊತೆಗೆ ಲೆಕ್ಕವನ್ನೂ ಕೇಳಿ. ನಮ್ಮ ಶಾಸಕರಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ ಕ್ಷೇತ್ರಾಭಿವೃದ್ಧಿ ನಿಧಿ ಇರುತ್ತದೆ. ಎಲ್ಲಿ ಖರ್ಚಾಯಿತು ಅಂತ ಜಿಲ್ಲಾಧಿಕಾರಿ ಕಚೇರಿಗೆ 10 ರೂಪಾಯಿ ಕಟ್ಟಿ ಆರ್‌ಟಿಐ ಅರ್ಜಿ ಹಾಕಬಹುದು. ಸಂಸದರು ಎಷ್ಟು ದಿನ ಬಂದರು, ಏನು ಪ್ರಶ್ನೆ ಕೇಳಿದರು ಅನ್ನುವುದು ಸಂಸತ್ತಿನ ತಾಣದಲ್ಲೇ ಇದೆ.

ನಮಗೆ ಇನ್ನೊಂದು ಅನುಕೂಲ ಇದೆ. ಸುವರ್ಣ ವಿಧಾನಸೌಧ 2012ರಲ್ಲಿ ಉದ್ಘಾಟನೆಯಾದ ಮೇಲೆ ಚಳಿಗಾಲದ ಅಧಿವೇಶನ ಮನೆ ಬಾಗಿಲಿಗೆ ಬಂದಿದೆ. ಶಾಸಕರ ಕಚೇರಿಯಲ್ಲಿ ಕೇಳಿ ಪಾಸ್ ತೆಗೆದುಕೊಳ್ಳಿ. ಯುವಜನ ಸಂಘದ ನಾಲ್ಕೈದು ಹುಡುಗ ಹುಡುಗಿಯರನ್ನು ಕರೆದುಕೊಂಡು ಗ್ಯಾಲರಿಯಲ್ಲಿ ಒಂದು ದಿನ ಕೂತುಬನ್ನಿ. ಪ್ರಶ್ನೋತ್ತರದ ಹೊತ್ತಿಗೇ ಹೋಗಿ. ನಮ್ಮ ಜಿಲ್ಲೆಯ ಶಾಸಕರಲ್ಲಿ ಯಾರು ಎದ್ದು ನಿಂತರು, ಏನು ಕೇಳಿದರು, ಯಾರು ಬರಲೇ ಇಲ್ಲ ಅನ್ನುವುದನ್ನು ಬರೆದುಕೊಳ್ಳಿ. ಆ ಪುಸ್ತಕವನ್ನು ಮುಂದಿನ ಚುನಾವಣೆಯವರೆಗೆ ಜೋಪಾನವಾಗಿ ಇಟ್ಟುಕೊಳ್ಳಿ, ಅವರು ಮತ್ತೆ ಗೇಟಿನ ಹತ್ತಿರ ಬಂದಾಗ ಅದರಲ್ಲಿ ಇರುವುದನ್ನೇ ಕೇಳಿ.